ಬದುವಿನ ಮೇಲೆ ತುಂಬೆ: ಬೆಳೆಸುವ ಕ್ರಮ ಮತ್ತು ಬೀಜ ಉಳಿಸುವ ವಿಧಾನ



ಯಾವುದಾದರೂ ವಸ್ತು ಅಚ್ಚ ಬಿಳುಪಾಗಿದೆ ಎನ್ನಲು ನಮ್ಮಲ್ಲಿ ತುಂಬೆ ಹೂವಿನ ಹೋಲಿಕೆ ಕೊಡುತ್ತಾರೆ. ಕಾರ್ತಿಕ ಸೋಮವಾರಕ್ಕೆ, ಶಿವರಾತ್ರಿಗೆ ಹೊಲದ ಬದುವಿನಿಂದ ಬೊಗಸೆ ತುಂಬ ತುಂಬೆ ಹೂ ಬಿಡಿಸಿಕೊಂಡು ಬರುವುದು ಹಳ್ಳಿಯ ಮಕ್ಕಳಿಗೆ ಗೊತ್ತಿದ್ದ ಕೆಲಸ. ಈಗ ಅನೇಕ ಊರುಗಳಲ್ಲಿ ಅದೇ ಹೂವನ್ನು ಹುಡುಕಿಕೊಂಡು ಹೋಗಬೇಕಾಗಿದೆ. ತುಂಬೆ ಇದ್ದ ಜಾಗದಲ್ಲಿ ಕಾಂಗ್ರೆಸ್ ಕಳೆ ಬಂದು ನಿಂತಿದೆ, ಇಲ್ಲವೇ ಕಳೆನಾಶಕ ಹೊಡೆದು ಬದು ಬೋಳಾಗಿದೆ.

ದನದ ಡಾಕ್ಟರಿಗೂ ತುಂಬೆ ಹೂವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದು ನೀವು ಹಸುವಿಗೆ ಇಡುವ ಹಿಂಡಿಯಲ್ಲಿದೆ, ಬದುವಿನಿಂದ ಕೊಯ್ದು ತರುವ ಹುಲ್ಲಿನ ಹೊರೆಯಲ್ಲಿದೆ, ಕೊನೆಗೆ ಸಂಘಕ್ಕೆ ಹಾಕುವ ಹಾಲಿನಲ್ಲೂ ಇದೆ. ಆದ್ದರಿಂದ ಈ ಸಂಚಿಕೆಯಲ್ಲಿ ತುಂಬೆಯನ್ನು ಬದುವಿನ ಮೇಲೆ ಮತ್ತೆ ಬೆಳೆಸುವುದು ಹೇಗೆ, ಅದರ ಬೀಜವನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ವಿವರವಾಗಿ ತಿಳಿದುಕೊಳ್ಳೋಣ.

ಜೇನಿಗೂ ಹಿಂಡಿಗೂ ಇರುವ ನಂಟು

ಹೂ ಕಾಯಿಯಾಗಬೇಕಾದರೆ ಗಂಡು ಭಾಗದ ಪರಾಗ ಹೆಣ್ಣು ಭಾಗಕ್ಕೆ ತಲುಪಬೇಕು. ರಾಗಿ, ಜೋಳ, ಭತ್ತದಂಥ ಬೆಳೆಗಳಲ್ಲಿ ಈ ಕೆಲಸ ತಾನಾಗಿಯೇ ಅಥವಾ ಗಾಳಿಯಿಂದ ಆಗುತ್ತದೆ. ಎಲ್ಲ ಬೆಳೆಗಳಲ್ಲೂ ಹೀಗಲ್ಲ.

ಹುಚ್ಚೆಳ್ಳನ್ನೇ ನೋಡಿ. ಅದರ ಹೂ ತನ್ನದೇ ಗಿಡದ ಪರಾಗವನ್ನು ಒಪ್ಪುವುದಿಲ್ಲ. ಬೇರೆ ಗಿಡದ ಪರಾಗವನ್ನು ಜೇನು ತಂದುಕೊಡಬೇಕು. ಸೂರ್ಯಕಾಂತಿಯ ಒಂದು ದೊಡ್ಡ ಹೂ ಎಂದರೆ ನೂರಾರು ಸಣ್ಣ ಹೂಗಳ ಗೊಂಚಲು. ಜೇನಿನ ಓಡಾಟ ಕಡಿಮೆಯಾದರೆ ಅದರಲ್ಲಿ ಜೊಳ್ಳು ಹೆಚ್ಚುತ್ತದೆ. ಸೌತೆ, ಕುಂಬಳ, ಕಲ್ಲಂಗಡಿ, ಹಾಗಲ ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ದುಂಬಿ ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ, ಇಲ್ಲವೇ ಕಾಯಿ ಸೊಟ್ಟಗಾಗುತ್ತದೆ. ಲೂಸರ್ನ್ ಎನ್ನುವ ಕುದುರೆ ಮಸಾಲೆ ಸೊಪ್ಪಿನಲ್ಲಿ ಹೂವಿನೊಳಗಿನ ಕೇಸರಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ದುಂಬಿ ಕೂತು ಒತ್ತಿದಾಗ ಮಾತ್ರ ಅದು ಚಿಮ್ಮಿ ತೆರೆದು ಚೆನ್ನಾಗಿ ಬೀಜ ಕಟ್ಟುತ್ತದೆ. ಮೇವಿನ ಬೀಜವನ್ನು ಸ್ವಂತಕ್ಕೆ ಬೆಳೆದುಕೊಳ್ಳಬೇಕೆನ್ನುವವರು ಇದನ್ನು ಗಮನಿಸಬೇಕು.

ಸೂರ್ಯಕಾಂತಿ ಹಿಂಡಿ, ಹುಚ್ಚೆಳ್ಳು ಹಿಂಡಿ ಎರಡೂ ಹೀಗೆ ಜೇನಿನ ದುಡಿಮೆಯಿಂದ ಬಂದ ಕಾಳಿನ ಉಳಿಕೆ. ಹಸುವಿನ ಮುಂದೆ ಇಡುವ ಹಿಂಡಿಯಲ್ಲಿ ಜೇನಿನ ಪಾಲು ಇದೆ ಎಂದರೆ ಅದು ಬರಿಯ ಮಾತಲ್ಲ.

ಜೇನು ಮಾತ್ರ ಬೆಳೆಯ ಹೂವೊಂದನ್ನೇ ನಂಬಿ ಬದುಕಲಾರದು. ಸೂರ್ಯಕಾಂತಿ ಎರಡು ಮೂರು ವಾರ ಹೂವಾಗಿ ಮುಗಿದುಹೋಗುತ್ತದೆ. ಮಿಕ್ಕ ದಿನಗಳಲ್ಲಿ ಅದಕ್ಕೆ ಬೇಲಿಯ ಹೂ, ಬದುವಿನ ಹೂ, ಮರದ ಹೂ ಬೇಕು. ಬೇಸಿಗೆಯಲ್ಲಿ ಬೇವು, ಹೊಂಗೆ, ಹುಣಸೆ ಮರಗಳು ಅದನ್ನು ಸಾಕುತ್ತವೆ. ಮಳೆಗಾಲ ಕಳೆಯುವ ಹೊತ್ತಿಗೆ ಆ ಮರಗಳಲ್ಲಿ ಹೂ ಇರುವುದಿಲ್ಲ. ಆಗ ಕೈಹಿಡಿಯುವುದು ತುಂಬೆಯಂಥ ಸಣ್ಣ ಗಿಡಗಳು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲು ನಾಶವಾದುದನ್ನು ಹಿರಿಯ ರೈತರು ನೆನಪಿಸಿಕೊಳ್ಳಬಹುದು. ಅಂಥ ರೋಗವನ್ನು ನಾವು ತಡೆಯಲಾರೆವು. ಹಸಿವನ್ನಾದರೂ ತಡೆಯಬಹುದು.

ತುಂಬೆಯನ್ನೇ ಏಕೆ ಆರಿಸಬೇಕು?

ತುಂಬೆ ನಮ್ಮ ನೆಲದ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯೂಕಸ್ ಆಸ್ಪೆರಾ. ತುಳಸಿಯ ಕುಟುಂಬಕ್ಕೆ ಸೇರಿದೆ. ಒಂದು ವರ್ಷದ ಗಿಡ, ಒಂದರಿಂದ ಎರಡು ಅಡಿ ಎತ್ತರ. ಗುರುತಿಸುವುದು ಸುಲಭ:

1. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆಯಾಗಿರುತ್ತದೆ. ಬೆರಳಲ್ಲಿ ಹೊರಳಿಸಿದರೆ ಗೊತ್ತಾಗುತ್ತದೆ.
2. ಎಲೆ ಉದ್ದ, ಕಿರಿದು, ಮುಟ್ಟಿದರೆ ಒರಟು. ಉಜ್ಜಿದರೆ ಘಾಟು ವಾಸನೆ.
3. ಹೂಗಳು ಗೆಣ್ಣಿನ ಸುತ್ತ ಚೆಂಡಿನಂತೆ ಗುಂಪಾಗಿ ಕೂರುತ್ತವೆ.
4. ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ರೋಮದ ಟೊಪ್ಪಿಗೆಯಂತಿರುತ್ತದೆ. ಕೆಳಗಿನದು ಅಗಲ, ನಾಲಿಗೆಯಂತೆ ಚಾಚಿರುತ್ತದೆ.

ಈ ಕೆಳತುಟಿಯೇ ದುಂಬಿ ಬಂದು ಕೂರುವ ಮಣೆ. ದುಂಬಿ ಅಲ್ಲಿ ಕೂತು ಬುಡದಲ್ಲಿರುವ ಮಕರಂದಕ್ಕಾಗಿ ತಲೆ ತೂರಿಸಿದಾಗ ಟೊಪ್ಪಿಗೆಯೊಳಗೆ ಅಡಗಿರುವ ಪರಾಗ ಅದರ ತಲೆ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಮುಂದಿನ ಹೂವಿಗೆ ಅದು ತಲುಪುತ್ತದೆ. ಬಿಸಿಲೇರಿದ ಮೇಲೆ ಒಂದು ತುಂಬೆ ಸಾಲಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ತುಡುವೆ ಜೇನು, ಕೋಲುಜೇನು, ನೊಣದಷ್ಟೇ ಸಣ್ಣದಾದ ಮುಜಂಟಿ ಜೇನು, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ದುಂಬಿ, ಚಿಟ್ಟೆ ಇವುಗಳಲ್ಲಿ ಎರಡು ಮೂರು ಬಗೆಯಾದರೂ ಕಾಣಸಿಗುತ್ತವೆ.

ಒಂದು ಮಾತು ಸ್ಪಷ್ಟವಾಗಿರಲಿ. ತುಂಬೆ ಮೇವಿನ ಬೆಳೆಯಲ್ಲ. ಘಾಟು ಇರುವುದರಿಂದ ಬೇರೆ ಹಸಿರು ಇರುವಾಗ ದನಗಳು ಇದನ್ನು ಇಷ್ಟಪಟ್ಟು ಮೇಯುವುದಿಲ್ಲ. ಬದುವಿನ ಮೇಲೆ ಉಳಿದುಕೊಳ್ಳಲು ಈ ಗುಣವೇ ಅದಕ್ಕೆ ಸಹಾಯ.

ಜಾಗ ಎಷ್ಟು, ಎಲ್ಲಿ?

ಬದುವಿನ ಹುಲ್ಲು ಸಣ್ಣ ಹಿಡುವಳಿದಾರರಿಗೆ ಎಷ್ಟು ಮುಖ್ಯ ಎಂಬುದು ನಮಗೆ ಗೊತ್ತಿದೆ. ದಿನವೂ ಕುಡುಗೋಲು ಹಿಡಿದು ಹೊರಡುವ ತಾಯಂದಿರ ಹೊರೆಯಿಂದ ಹುಲ್ಲು ಕಸಿದು ಹೂ ಬೆಳೆಸಿ ಎಂದು ಹೇಳುವುದು ನ್ಯಾಯವಲ್ಲ. ಆದ್ದರಿಂದ ಹುಲ್ಲು ಚೆನ್ನಾಗಿ ಬರುವ ಬದುವನ್ನು ಹುಲ್ಲಿಗೇ ಬಿಡಿ. ತುಂಬೆಗೆ ಕಲ್ಲು ಮಣ್ಣಿನ ಜಾಗ, ಬೇಲಿಯ ಬುಡ, ಬಾವಿ ಅಥವಾ ಪಂಪ್ ಮನೆಯ ಸುತ್ತಲಿನ ಜಾಗ ಸಾಕು. ಮೊದಲ ವರ್ಷ 20 ಅಡಿ ಉದ್ದ, 2 ಅಡಿ ಅಗಲದ ಒಂದು ಪಟ್ಟಿ ಮಾಡಿ. ಅಂದರೆ 40 ಚದರ ಅಡಿ. ಅಂಥ ಬಡ ಜಾಗದಲ್ಲಿ ಇದರಿಂದ ತಪ್ಪುವ ಹುಲ್ಲು ಒಂದು ಹೊರೆಯಷ್ಟೂ ಆಗದು.

ಬಿಸಿಲು ಚೆನ್ನಾಗಿ ಬೀಳಬೇಕು. ನೀರು ನಿಲ್ಲಬಾರದು. ಬೆಳೆಗೆ ಔಷಧಿ ಹೊಡೆಯುವಾಗ ಗಾಳಿಗೆ ತೂರಿ ಬರುವ ಕಡೆ ಬೇಡ. ಮೇವಿನ ತಾಕಿನ ಒಳಗೂ ಬೇಡ, ಕೊಯ್ಲಿನಲ್ಲಿ ಬೆರೆತುಹೋಗುತ್ತದೆ.

ಬೆಳೆಸುವ ಕ್ರಮ

1. ಬೇಸಿಗೆಯ ಮಳೆ ಬಿದ್ದ ಕೂಡಲೇ ಆ ಪಟ್ಟಿಯಲ್ಲಿರುವ ಕಾಂಗ್ರೆಸ್ ಗಿಡಗಳನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿ. ಮಣ್ಣು ಹಸಿ ಇದ್ದಾಗ ಸುಲಭ. ಕೈಗೆ ಪ್ಲಾಸ್ಟಿಕ್ ಚೀಲ ಅಥವಾ ಗ್ಲೌಸ್ ಹಾಕಿಕೊಳ್ಳಿ. ಇದು ಚರ್ಮಕ್ಕೆ ತುರಿಕೆ ತರುತ್ತದೆ.
2. ಮಣ್ಣನ್ನು ಕುಂಟೆ ಅಥವಾ ಕುರ್ಚಿಗೆಯಿಂದ ಒಂದು ಅಂಗುಲ ಮಾತ್ರ ಕೆದಕಿ. ಆಳವಾಗಿ ಅಗೆದರೆ ಹಳೆಯ ಕಳೆಬೀಜ ಮೇಲೆ ಬರುತ್ತದೆ. ಬದುವಿನ ಮಣ್ಣು ಸಡಿಲವಾಗಿ ಕೊಚ್ಚಿಯೂ ಹೋಗುತ್ತದೆ.
3. ಮೃಗಶಿರಾ, ಆರಿದ್ರಾ ಮಳೆಯ ಹದದಲ್ಲಿ, ಅಂದರೆ ಜೂನ್ ತಿಂಗಳಲ್ಲಿ ಬಿತ್ತಿ.
4. ಬೀಜ ಎಳ್ಳಿಗಿಂತ ತುಸು ಸಣ್ಣದು. ಹಾಗೇ ಚೆಲ್ಲಿದರೆ ಒಂದೇ ಕಡೆ ಬೀಳುತ್ತದೆ. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಒಣ ಮರಳು ಬೆರೆಸಿ ಎರಚಿ.
5. ಮಣ್ಣು ಮುಚ್ಚಬೇಡಿ. ಅಂಗೈಯಿಂದ ಅಥವಾ ಹಲಗೆಯಿಂದ ಮೆಲ್ಲಗೆ ಒತ್ತಿದರೆ ಸಾಕು. ಆಳಕ್ಕೆ ಹೋದ ಸಣ್ಣ ಬೀಜ ಮೇಲೆ ಬರಲಾರದು.
6. ಗೊಬ್ಬರ ಬೇಡ. ಸಗಣಿ ಗೊಬ್ಬರ, ಯೂರಿಯಾ ಹಾಕಿದರೆ ಸುತ್ತಲಿನ ಹುಲ್ಲು ಬೆಳೆದು ತುಂಬೆಯನ್ನು ಮುಚ್ಚುತ್ತದೆ.
7. ಸಸಿ ನಾಲ್ಕು ಎಲೆಯಾದ ಮೇಲೆ ಗೇಣಿಗೊಂದು ಉಳಿಸಿ ಉಳಿದುದನ್ನು ಕೀಳಿ. ಹಸಿ ಮಣ್ಣಿನಲ್ಲಿ ಅವನ್ನೇ ಬೇರೆ ಕಡೆ ನೆಡಬಹುದು.
8. ಹೂ ಮುಗಿದು ಬೀಜ ಬಲಿಯುವ ತನಕ ಆ ಪಟ್ಟಿಗೆ ಕುಡುಗೋಲು ಹಾಕಬೇಡಿ. ಆಡು ಕುರಿ ಬಿಡಬೇಡಿ. ನಾಲ್ಕು ಕಡ್ಡಿ ನೆಟ್ಟು ಒಂದು ಹಗ್ಗ ಕಟ್ಟಿದರೆ ಕೂಲಿಯಾಳುಗಳಿಗೂ ಗುರುತು ಸಿಗುತ್ತದೆ.

ಪಟ್ಟಿಯ ಒಂದು ಮೂಲೆಯಲ್ಲಿ ಒಂದೆರಡು ಅಡಿ ನೆಲವನ್ನು ಬರಿದಾಗಿ, ಅಗೆಯದೆ ಬಿಡಿ. ನೀಲಿ ಪಟ್ಟೆಯ ದುಂಬಿಗಳು ಗೂಡು ಕಟ್ಟುವುದು ಮರದಲ್ಲಲ್ಲ, ಮಣ್ಣಿನಲ್ಲಿ. ಹಳೆಯ ಮಣ್ಣಿನ ಗೋಡೆಯಲ್ಲಿ ಕಾಣುವ ಸಣ್ಣ ತೂತುಗಳಲ್ಲಿ ಕೆಲವು ಇವುಗಳದೇ ಆಗಿರುತ್ತವೆ.

ಬೀಜ ಸಂಗ್ರಹ

ಒಂದು ವರ್ಷ ಬೆಳೆಸಿ ಸುಮ್ಮನಾದರೆ ಪ್ರಯೋಜನ ಕಡಿಮೆ. ಬೀಜ ಕೈಯಲ್ಲಿದ್ದರೆ ಬರಗಾಲ ಬಂದರೂ, ಬದು ಕೊಚ್ಚಿಹೋದರೂ ಮತ್ತೆ ಶುರು ಮಾಡಬಹುದು. ತುಂಬೆಯ ಬೀಜ ಪೇಟೆಯ ಬೀಜದಂಗಡಿಯಲ್ಲಿ ಕೇಳುವ ಸರಕಲ್ಲ. ನಾವೇ ಕಟ್ಟಿಡಬೇಕು.

ತುಂಬೆ ಒಂದೇ ಸಲಕ್ಕೆ ಬಲಿಯುವುದಿಲ್ಲ. ಕೆಳಗಿನ ಗೆಣ್ಣಿನ ಚೆಂಡು ಒಣಗಿ ಕಂದಾಗಿರುವಾಗ ತುದಿಯಲ್ಲಿ ಇನ್ನೂ ಬಿಳಿ ಹೂ ಇರುತ್ತದೆ. ಪ್ರತಿ ಹೂವಿನ ಹಿಂದೆ ಉಳಿಯುವ ಸಣ್ಣ ಬಟ್ಟಲಿನಲ್ಲಿ ಹೆಚ್ಚೆಂದರೆ 4 ಬೀಜ. ಬಲಿತ ಬೀಜ ಕಂದು ಬಣ್ಣ, ನುಣುಪು; ಒಂದು ಮೈ ದುಂಡಗೆ, ಇನ್ನೊಂದು ಮೈ ಕೋನವಾಗಿರುತ್ತದೆ. ಹಸಿರು ಅಥವಾ ಬಿಳಿಯಾಗಿದ್ದರೆ ಇನ್ನೂ ಎಳೆಯದು.

ಲೆಕ್ಕ ಹಾಕಿ ನೋಡಿ. ಒಂದು ಚೆಂಡಿನಲ್ಲಿ 15 ಹೂ ಬೀಜ ಕಟ್ಟಿದರೆ 60 ಬೀಜ. ಗಿಡದಲ್ಲಿ ಅಂಥ 10 ಚೆಂಡು ಇದ್ದರೆ 600 ಬೀಜ. ಅರ್ಧ ಉದುರಿಹೋದರೂ ಹತ್ತು ಗಿಡದಿಂದ ಮುಂದಿನ ವರ್ಷದ ಪಟ್ಟಿಗೆ ಸಾಕಾಗಿ ನೆರೆಯವರಿಗೂ ಕೊಡುವಷ್ಟು ಆಗುತ್ತದೆ.

ಸಂಗ್ರಹಿಸುವಾಗ ಗಮನಿಸಬೇಕಾದ ಅಂಶಗಳು:

1. ಗಿಡದ ಕೆಳಗಿನ ಮೂರು ನಾಲ್ಕು ಚೆಂಡುಗಳು ಪೂರ್ತಿ ಒಣಗಿದಾಗ ಕೊಯ್ಲಿಗೆ ಸಮಯ. ಮುಂಗಾರಿನಲ್ಲಿ ಹುಟ್ಟಿದ ಗಿಡಗಳಲ್ಲಿ ಮಳೆ ಹಿಂದೆ ಸರಿದ ಮೇಲೆ, ಸ್ವಾತಿ ಮಳೆಯ ನಂತರದ ಒಣ ದಿನಗಳಲ್ಲಿ ನೋಡುತ್ತಿರಿ.
2. ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಕೊಯ್ಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಗಿಡ ಅಲುಗಿದರೆ ಬೀಜ ನೆಲಕ್ಕೆ ಉದುರುತ್ತದೆ.
3. ಗಿಡವನ್ನು ಕೀಳಬೇಡಿ. ಒಣಗಿದ ಕೊಂಬೆಯನ್ನು ಬಗ್ಗಿಸಿ ಚೀಲದ ಒಳಗೆ ಇಟ್ಟು ಆಮೇಲೆ ಕತ್ತರಿಸಿ.
4. ಒಂದೇ ಎತ್ತರದ ಗಿಡದಿಂದ ಎಲ್ಲ ಬೀಜ ತೆಗೆಯಬೇಡಿ. ಕನಿಷ್ಠ 20-30 ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಬೇಗ ಹೂ ಬಿಟ್ಟದ್ದು, ತಡವಾಗಿ ಬಿಟ್ಟದ್ದು, ಕುಳ್ಳ, ಎತ್ತರ ಎಲ್ಲವೂ ಸೇರಲಿ. ಮಳೆ ಹೆಚ್ಚು ಕಡಿಮೆಯಾದಾಗ ಯಾವುದಾದರೂ ಒಂದು ಬಗೆ ಉಳಿದುಕೊಳ್ಳುತ್ತದೆ. ಒಂದೇ ಹೋರಿಯ ಮೇಲೆ ಇಡೀ ಊರಿನ ತಳಿ ನಿಲ್ಲಬಾರದು ಎಂದು ನಾವು ಹೇಳುವುದು ಇದೇ ಕಾರಣಕ್ಕೆ.
5. ಮೂರರಲ್ಲಿ ಒಂದು ಪಾಲನ್ನು ಗಿಡದಲ್ಲೇ ಬಿಡಿ. ಅದು ತಾನಾಗಿ ಉದುರಿ ಅದೇ ಜಾಗದಲ್ಲಿ ಹುಟ್ಟುತ್ತದೆ.
6. ಬೀಜದ ಜೊತೆ ಕಾಂಗ್ರೆಸ್ ಕಳೆಯ ಕಡ್ಡಿ ಸೇರದಂತೆ ಎಚ್ಚರ ವಹಿಸಿ. ಅದರ ಒಂದು ಗಿಡ ಸಾವಿರಾರು ಬೀಜ ಕೊಡುತ್ತದೆ. ಒಂದು ಕಡ್ಡಿ ಬೆರೆತರೂ ನಿಮ್ಮ ಶ್ರಮ ವ್ಯರ್ಥ.

ಒಣಗಿಸುವುದು, ಕಾಯ್ದಿಡುವುದು

ಕೊಯ್ದ ಕೊಂಬೆಗಳನ್ನು ಹಳೆಯ ಪಂಚೆ ಅಥವಾ ಸೀರೆಯ ಮೇಲೆ ಹರಡಿ ನೆರಳಿನಲ್ಲಿ 4-5 ದಿನ ಒಣಗಿಸಿ. ನೇರ ಬಿಸಿಲಿನಲ್ಲಿ, ಸಿಮೆಂಟ್ ಅಂಗಳದ ಕಾವಿನಲ್ಲಿ ಒಣಗಿಸಬೇಡಿ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಜರಡಿ ಹಿಡಿದು, ಮೊರದಲ್ಲಿ ಮೆಲ್ಲಗೆ ಕೇರಿ. ಗಾಳಿ ಜೋರಾಗಿದ್ದರೆ ಹೊಟ್ಟಿನ ಜೊತೆ ಬೀಜವೂ ಹಾರುತ್ತದೆ.

ಶುದ್ಧವಾದ ಬೀಜವನ್ನು ಇನ್ನೂ ಎರಡು ದಿನ ನೆರಳಿನಲ್ಲಿ ಆರಿಸಿ, ಚೆನ್ನಾಗಿ ಒಣಗಿದ ಗಾಜಿನ ಸೀಸೆಗೆ ತುಂಬಿ. ತಳಕ್ಕೆ ಒಂದು ಚಮಚ ಒಣ ಬೂದಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹಾಕಿದರೆ ತೇವ ಹೀರುತ್ತದೆ. ಸೀಸೆಯ ಮೇಲೆ ಊರು, ಹೊಲದ ಹೆಸರು, ತಿಂಗಳು, ವರ್ಷ ಬರೆದು ಚೀಟಿ ಅಂಟಿಸಿ. ಒಲೆಯ ಹತ್ತಿರ, ಕೊಟ್ಟಿಗೆಯ ತೇವದಲ್ಲಿ, ಔಷಧಿ ಡಬ್ಬಗಳ ಪಕ್ಕದಲ್ಲಿ ಇಡಬೇಡಿ.

ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡಿ. 50 ಬೀಜ ಎಣಿಸಿ, ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ, ಬೆಳಕಿರುವ ಕಡೆ ಇಟ್ಟು ದಿನವೂ ನೀರು ಚಿಮುಕಿಸಿ. ಎರಡು ವಾರದ ನಂತರ ಮೊಳೆತವನ್ನು ಎಣಿಸಿ. ಅರ್ಧಕ್ಕಿಂತ ಕಡಿಮೆ ಬಂದರೆ ನಿರಾಶರಾಗಬೇಡಿ, ಬಿತ್ತುವಾಗ ಬೀಜದ ಪ್ರಮಾಣ ಹೆಚ್ಚಿಸಿ. ಕಾಡುಗಿಡದ ಬೀಜ ರಾಗಿಯಂತೆ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ ಏಳುತ್ತವೆ. ಮಳೆ ಕೈಕೊಟ್ಟರೆ ಎಲ್ಲವೂ ಸಾಯಬಾರದೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು.

ಬದುವಿಗೆ ಔಷಧಿ ಹೊಡೆದರೆ ದನಕ್ಕೂ ಅಪಾಯ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಆಳು ಸಿಗುವುದಿಲ್ಲ ಎಂದು ಬದುವಿಗೆ ಕಳೆನಾಶಕ ಹೊಡೆಯುವುದು ರೂಢಿಯಾಗುತ್ತಿದೆ. ಹೊಡೆದ ಎರಡು ದಿನ ಹುಲ್ಲು ಹಸಿರಾಗಿಯೇ ಕಾಣುತ್ತದೆ. ಯಾರು ಹೊಡೆದರು ಎಂದು ತಿಳಿಯದೆ ಪಕ್ಕದ ಮನೆಯವರು ಅದನ್ನೇ ಕೊಯ್ದು ಹಸುವಿಗೆ ಹಾಕುತ್ತಾರೆ. ಬೆಳೆಗೆ ಹೊಡೆದ ಕೀಟನಾಶಕವೂ ಗಾಳಿಗೆ ತೂರಿ ಬದುವಿನ ಹುಲ್ಲಿನ ಮೇಲೆ ಬೀಳುತ್ತದೆ. ಹೂವಿನ ಮೇಲೆ ಬಿದ್ದದ್ದು ಜೇನಿಗೆ ವಿಷ, ಹುಲ್ಲಿನ ಮೇಲೆ ಬಿದ್ದದ್ದು ಹಸುವಿಗೆ ವಿಷ. ಕೆಲವು ಕೀಟನಾಶಕಗಳ ಶೇಷ ಹಾಲಿನ ಜಿಡ್ಡಿನ ಜೊತೆ ಹೊರಬಂದು ನಮ್ಮ ಮಕ್ಕಳ ಲೋಟಕ್ಕೂ ಬರುತ್ತದೆ.

ಕೀಟನಾಶಕ ಸೇರಿದ ಮೇವು ತಿಂದ ರಾಸು ಬಾಯಲ್ಲಿ ಜೊಲ್ಲು ಸುರಿಸುತ್ತದೆ, ಕಣ್ಣೀರು ಹಾಕುತ್ತದೆ, ಮೈ ಅದುರುತ್ತದೆ, ಭೇದಿ ಮಾಡುತ್ತದೆ, ಉಸಿರಾಡಲು ಕಷ್ಟಪಡುತ್ತದೆ. ಹೀಗೆ ಕಂಡರೆ ಆ ಮೇವನ್ನು ತಕ್ಷಣ ತೆಗೆದುಹಾಕಿ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಸೊಪ್ಪಿನ ರಸ ಯಾವುದನ್ನೂ ಹಾಕಬೇಡಿ. ಜೊಲ್ಲು ಸುರಿಸುವ ರಾಸಿಗೆ ಗೊಟ್ಟ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಮುಳುವಾಗುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸಿ, ಔಷಧಿ ಡಬ್ಬವನ್ನು ಅವರಿಗೆ ತೋರಿಸಿ. ಇದಕ್ಕೆ ಚುಚ್ಚುಮದ್ದು ಇದೆ, ಆದರೆ ಹೊತ್ತು ಮೀರಬಾರದು. ವೈದ್ಯರು ಹೇಳುವ ತನಕ ಆ ರಾಸಿನ ಹಾಲನ್ನು ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ತುಂಬೆ ಇರುವ ಬದುವಿಗೆ ಔಷಧಿ ಹೊಡೆಯುವಂತಿಲ್ಲ. ಹಾಗೆಂದು ಒಂದು ಪಟ್ಟಿಯನ್ನು ಗುರುತು ಮಾಡಿದರೆ ಅದರ ಅಕ್ಕಪಕ್ಕದ ಹುಲ್ಲೂ ಶುದ್ಧವಾಗಿ ಉಳಿಯುತ್ತದೆ. ಬೆಳೆಗೆ ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ, ಗಾಳಿ ಇಲ್ಲದಾಗ ಹೊಡೆಯಿರಿ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ತುಂಬೆ ಹೊಲಕ್ಕೆ ನುಗ್ಗಿ ಕಳೆಯಾಗುವುದಿಲ್ಲವೇ?
ಉತ್ತರ: ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಹುಟ್ಟಬಹುದು. ಬೇರು ಮೇಲುಮೇಲೆ ಇರುವುದರಿಂದ ಮೊದಲ ಕುಂಟೆಗೇ ಕಿತ್ತು ಬರುತ್ತದೆ. ಗರಿಕೆ, ಜೇಕಿನಂತೆ ನೆಲದೊಳಗೆ ಗೆಡ್ಡೆ ಇಟ್ಟು ಕಾಡುವುದಿಲ್ಲ.

ಪ್ರಶ್ನೆ: ತುಂಬೆ ಹಾಕಿದರೆ ಕಾಂಗ್ರೆಸ್ ಕಳೆ ಹೋಗುತ್ತದೆಯೇ?
ಉತ್ತರ: ತಾನಾಗಿ ಹೋಗುವುದಿಲ್ಲ. ಈ ಕಳೆ ನಮ್ಮ ದೇಶದ್ದಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದು ದೇಶವೆಲ್ಲ ಹರಡಿತು. ಕೈಯಿಂದ ಕೀಳಲೇಬೇಕು. ಕಿತ್ತ ಜಾಗವನ್ನು ಬರಿದು ಬಿಟ್ಟರೆ ಅದೇ ಮತ್ತೆ ಬರುತ್ತದೆ. ತುಂಬೆ ಬಿತ್ತಿದರೆ ಜಾಗ ತುಂಬಿ ನಿಮ್ಮ ಕೆಲಸ ಹಗುರವಾಗುತ್ತದೆ. ಮೇವು ಇಲ್ಲದೆ ಹಸು ಕಾಂಗ್ರೆಸ್ ಗಿಡ ತಿಂದರೆ ಹಾಲು ಕಹಿಯಾಗುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ಜೇನು ಹೆಚ್ಚಾದರೆ ದನಗಳಿಗೆ ಕಚ್ಚುವುದಿಲ್ಲವೇ?
ಉತ್ತರ: ಹೂವಿನ ಮೇಲೆ ಮೇಯುತ್ತಿರುವ ಜೇನು ತಾನಾಗಿ ಮೇಲೆ ಬೀಳುವುದಿಲ್ಲ. ಗೂಡನ್ನು ಕೆಣಕಿದಾಗ ಅಪಾಯ. ಹೆಜ್ಜೇನು ಕಟ್ಟಿದ ಮರದ ಕೆಳಗೆ ದನ ಕಟ್ಟಬೇಡಿ. ಪಟ್ಟಿಯನ್ನು ಕೊಟ್ಟಿಗೆಯಿಂದ ಸ್ವಲ್ಪ ದೂರ ಮಾಡಿ.

ಸಂಘದ ಮಟ್ಟದಲ್ಲಿ ಏನು ಮಾಡಬಹುದು?

ಒಂದು ಊರಿನಲ್ಲಿ ಒಬ್ಬರು ಮಾತ್ರ ಬೆಳೆಸಿದರೆ ಜೇನಿಗೆ ಒಂದು ತುತ್ತು. ಹತ್ತು ಮನೆಯವರು 20 ಅಡಿಯಂತೆ ಬೆಳೆಸಿದರೆ 200 ಅಡಿ ಹೂವಿನ ಸಾಲು. ಸಂಘದ ಕಚೇರಿಯಲ್ಲಿ ಒಂದು ಸೀಸೆ ಇಟ್ಟು, ಬೀಜ ಉಳಿಸಿದವರು ಒಂದು ಚಮಚ ಹಾಕಲಿ, ಬೇಕಾದವರು ಒಂದು ಚಮಚ ಒಯ್ಯಲಿ. ಒಯ್ದವರು ಮುಂದಿನ ವರ್ಷ ಎರಡು ಚಮಚ ಹಿಂದಿರುಗಿಸಲಿ. ಇದಕ್ಕೆ ಹಣ ಬೇಕಿಲ್ಲ, ಠರಾವೂ ಬೇಕಿಲ್ಲ. ಮಹಿಳಾ ಸಂಘಗಳು ಈ ಕೆಲಸವನ್ನು ಚೆನ್ನಾಗಿ ನಡೆಸಬಲ್ಲವು. ಬದುವಿನ ಪ್ರತಿ ಗಿಡದ ಪರಿಚಯ ಹುಲ್ಲು ಕೊಯ್ಯುವವರಿಗೆ ಇರುವಷ್ಟು ಬೇರೆಯವರಿಗೆ ಇರುವುದಿಲ್ಲ.

ನೆನಪಿಡಿ

• ಬಡ ಜಾಗ ಆರಿಸಿ, ಜೂನ್‌ನಲ್ಲಿ ಬಿತ್ತಿ, ಮಣ್ಣು ಮುಚ್ಚಬೇಡಿ.
• ಬೀಜ ಬಲಿಯುವ ತನಕ ಕೊಯ್ಯಬೇಡಿ, ಮೇಯಿಸಬೇಡಿ.
• ಹಲವು ಗಿಡಗಳಿಂದ ಬೀಜ ತೆಗೆಯಿರಿ, ಮೂರರಲ್ಲಿ ಒಂದು ಪಾಲು ನೆಲಕ್ಕೆ ಬಿಡಿ.
• ನೆರಳಿನಲ್ಲಿ ಒಣಗಿಸಿ, ಚೀಟಿ ಬರೆದು ಸೀಸೆಯಲ್ಲಿಡಿ.
• ಹುಲ್ಲು ಕೊಯ್ಯುವ ಬದುವಿಗೆ ಯಾವ ಔಷಧಿಯನ್ನೂ ಹೊಡೆಯಬೇಡಿ.

ಈ ವರ್ಷ ನಿಮ್ಮ ಹೊಲದ ಸುತ್ತ ಒಮ್ಮೆ ನಡೆದು, ತುಂಬೆ ಎಲ್ಲಿ ಉಳಿದಿದೆ ಎಂದು ಗುರುತು ಹಾಕಿಕೊಳ್ಳಿ. ಅಲ್ಲಿಂದಲೇ ಬೀಜ ಆರಂಭವಾಗಲಿ. ಹೆಚ್ಚಿನ ಮಾಹಿತಿ ಬೇಕಾದವರು ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಕ್ಷೇತ್ರದ ವಿಸ್ತರಣಾಧಿಕಾರಿಯನ್ನು ಸಂಪರ್ಕಿಸಬಹುದು.